ಎಡಗಾಲಿನ ತೊಂದ್ರೆಗಳು: ಗೇರ್ ಕಾರು ಕಲಿಯೋರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಗೇರ್ ಕಾರು ಕಲಿಯೋ ವಿಚಾರದ್ದೇ ಇದ್ವು, ಅದಕ್ಕೆ ಬೇರೆದನ್ನೆಲ್ಲ ಮುಂದಿನ ಸಲಕ್ಕೆ ಎತ್ತಿಟ್ಟು ಇವನ್ನೇ ತಗೊಂಡಿದೀನಿ. ಒಬ್ರು ಏರು ಅಂತಾರೆ, ಒಬ್ರು ಟ್ರಾಫಿಕ್ಕು ಅಂತಾರೆ, ಇನ್ನೊಬ್ರು ಗೇರ್ ಬೀಳ್ತಾ ಇಲ್ಲ ಅಂತಾರೆ, ಆದ್ರೆ ಒಳಗೆ ಹೊಕ್ಕು ನೋಡಿದ್ರೆ ಸುಮಾರು ಎಲ್ಲರ ತೊಂದ್ರೆ ಇರೋದೂ ಎಡಗಾಲಲ್ಲೇ. ಕೈಗೆ ಏನೂ ಆಗಿಲ್ಲ, ತಲೆಗೂ ಏನೂ ಆಗಿಲ್ಲ. ಸರಿ, ಶುರು ಮಾಡೋಣ.

ಪ್ರಶ್ನೆ: ಸರ್, ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟ ತಕ್ಷಣ ಗಾಡಿ ಒಂದ್ಸಲ ಜಿಗಿದು ಆಫ್ ಆಗ್ಬಿಡುತ್ತೆ. ಎಲ್ಲರೂ ನಿಧಾನಕ್ಕೆ ಬಿಡು ನಿಧಾನಕ್ಕೆ ಬಿಡು ಅಂತಾರೆ, ನಾನು ನಿಧಾನಕ್ಕೇ ಬಿಡ್ತಿದೀನಿ. ಜಾಸ್ತಿ ರೇಸ್ ಕೊಟ್ರೆ ಇಂಜಿನ್ ಕಿರುಚುತ್ತೆ, ಕಮ್ಮಿ ಕೊಟ್ರೆ ಆಫ್. ಎಲ್ಲಿ ತಪ್ಪಾಗ್ತಿದೆ? — ಹೊಸಬ

"ನಿಧಾನಕ್ಕೆ ಬಿಡು" ಅನ್ನೋ ಸಲಹೆನೇ ಅರ್ಧಂಬರ್ಧ, ಅದನ್ನ ಹೇಳೋರಿಗೆ ತಾವು ಹೇಗೆ ಬಿಡ್ತೀವಿ ಅನ್ನೋದೇ ಮರೆತು ಹೋಗಿರುತ್ತೆ. ಮೊದಲು ಒಳಗೆ ಏನ್ ನಡೀತಿದೆ ನೋಡಿ. ಇಂಜಿನ್ ಸುಮ್ನೆ ಆನ್ ಆಗಿ ನಿಂತಿರೋವಾಗ್ಲೂ ನಿಮಿಷಕ್ಕೆ 700ರಿಂದ 900 ಸುತ್ತು ತಿರುಗ್ತಾ ಇರುತ್ತೆ, ಅದಕ್ಕಿಂತ ತುಂಬಾ ಕೆಳಗೆ ಇಳಿದ್ರೆ ಅದಕ್ಕೆ ಬದುಕೋಕೆ ಆಗಲ್ಲ, ಆಫ್ ಆಗುತ್ತೆ. ಚಕ್ರ ಮಾತ್ರ ನಿಂತಿದೆ, ಸೊನ್ನೆ. ಒಂದು ತಿರುಗ್ತಿದೆ, ಇನ್ನೊಂದು ನಿಂತಿದೆ, ಎರಡನ್ನೂ ಸೇರಿಸ್ಬೇಕು, ಅದೇ ಕ್ಲಚ್ಚಿನ ಕೆಲಸ. ಇಂಜಿನ್ ಕಡೆ ಫ್ಲೈವೀಲ್ ಅಂತ ಭಾರವಾದ ಚಕ್ರ, ಅದರ ಎದುರಿಗೆ ಗೇರ್‌ಬಾಕ್ಸ್ ಕಡೆಯ ಕ್ಲಚ್ ಪ್ಲೇಟು, ಹಿಂದಿನಿಂದ ಸ್ಪ್ರಿಂಗ್ ಒಂದು ಆ ಪ್ಲೇಟನ್ನ ಫ್ಲೈವೀಲಿಗೆ ಅದುಮಿ ಹಿಡಿದಿರುತ್ತೆ. ನೀವು ಪೆಡಲ್ ಒತ್ತಿದ್ರೆ ಹಿಡಿತ ಬಿಡುತ್ತೆ, ಪೆಡಲ್ ಬಿಟ್ರೆ ಹಿಡಿತ ಬರುತ್ತೆ. ಇದೊಂದು ಉಲ್ಟಾ ಲೆಕ್ಕ ತಲೇಲಿ ಕೂತ್ಕೊಂಡ್ರೆ ಸಾಕು: ಕಾಲು ಎತ್ತೋದು ಅಂದ್ರೆ ಜೋಡಿಸೋದು.

ಜೋಡಿಸೋವಾಗ ಆ ಪ್ಲೇಟು ಸ್ವಲ್ಪ ಹೊತ್ತು ಉಜ್ಜಿಕೊಂಡು ಜಾರ್ಲೇಬೇಕು. ಎರಡು ಅಂಗೈನ ಮೆತ್ತಗೆ ಸೇರಿಸಿ ಒಂದನ್ನ ತಿರುಗಿಸಿ ನೋಡಿ, ಇನ್ನೊಂದು ಮೊದಲು ಜಾರುತ್ತೆ, ಒತ್ತಡ ಜಾಸ್ತಿ ಮಾಡ್ತಾ ಹೋದ್ರೆ ಅದೂ ಜೊತೆಗೆ ತಿರುಗುತ್ತೆ. ಆ ಜಾರೋ ಜಾಗವನ್ನೇ ನಾವು ಹಾಫ್ ಕ್ಲಚ್ ಅನ್ನೋದು, ಬೈಟಿಂಗ್ ಪಾಯಿಂಟ್ ಅಂತಾನೂ ಅಂತಾರೆ. ವಿಷಯ ಏನಂದ್ರೆ ಪೆಡಲ್ ನೆಲದಿಂದ ಮೇಲಿನವರೆಗೆ ಬರೋ ಅಷ್ಟೂ ದೂರದಲ್ಲಿ ಈ ಜಾಗ ಒಂದೆರಡು ಬೆರಳಿನ ದಪ್ಪದಷ್ಟು ಮಾತ್ರ. ಅದರ ಕೆಳಗಿನ ಭಾಗದಲ್ಲಿ ಏನೂ ಆಗಲ್ಲ, ಬೇಗ ಎತ್ತಬಹುದು. ಮೇಲಿನ ಭಾಗದಲ್ಲೂ ಏನೂ ಇಲ್ಲ. ಹಾಗಾಗಿ ಪೂರ್ತಿ ಪೆಡಲನ್ನ ಒಂದೇ ಸ್ಪೀಡಲ್ಲಿ ನಿಧಾನಕ್ಕೆ ಬಿಟ್ರೂ ಗಾಡಿ ಆಫ್ ಆಗುತ್ತೆ, ಯಾಕಂದ್ರೆ ನಿಲ್ಲಬೇಕಾದ ಜಾಗದಲ್ಲಿ ನೀವು ನಿಲ್ಲಿಸಿಲ್ಲ, ದಾಟಿ ಹೋಗಿದೀರ.

ಈಗ ಅಭ್ಯಾಸ. ಸಮತಟ್ಟಾದ ಖಾಲಿ ಜಾಗ, ಮುಂದೆ ಯಾರೂ ಇರಬಾರದು, ಎಸಿ ಆಫ್ ಮಾಡಿ (ಚಿಕ್ಕ ಇಂಜಿನ್‌ಗೆ ಅದೂ ಒಂದು ಭಾರ). ಬಲಗಾಲನ್ನ ಬ್ರೇಕ್ ಮೇಲಿಂದ ತೆಗೆದು ಹತ್ರಾನೇ ಇಟ್ಕೊಳ್ಳಿ, ಆಕ್ಸಿಲರೇಟರ್ ಮುಟ್ಟಲೇಬೇಡಿ. ಕ್ಲಚ್ ಪೂರ್ತಿ ಒತ್ತಿ ಫಸ್ಟ್ ಗೇರ್ ಹಾಕಿ, ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿ ಮೆತ್ತಗೆ ಎತ್ತುತ್ತಾ ಬನ್ನಿ, ಕಿವಿ ಇಂಜಿನ್ ಮೇಲೆ ಇರ್ಲಿ. ಒಂದು ಜಾಗದಲ್ಲಿ ಇಂಜಿನ್ ಸದ್ದು ಸ್ವಲ್ಪ ಗಡಸಾಗುತ್ತೆ, ಆರ್‌ಪಿಎಂ ಮುಳ್ಳು (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗ್ತಿದೆ ಅಂತ ತೋರಿಸೋದು) ಚೂರು ಕೆಳಗೆ ಇಳಿಯುತ್ತೆ, ಬಾನೆಟ್ಟು ಕೂದಲೆಳೆಯಷ್ಟು ಮೇಲೆದ್ದ ಹಾಗೆ ಆಗುತ್ತೆ, ಸೀಟಲ್ಲಿ ಸಣ್ಣ ನಡುಕ ಬರುತ್ತೆ. ಅಲ್ಲೇ ನಿಲ್ಸಿ! ಪಾದ ಕಲ್ಲಾಗ್ಬೇಕು. ಗಾಡಿ ತಾನೇ ತೆವಳೋಕೆ ಶುರು ಮಾಡುತ್ತೆ. ತೆವಳಿದ ತಕ್ಷಣ "ಹಾ ಹೋಯ್ತು" ಅಂತ ಕಾಲು ಎತ್ತಿಬಿಡ್ತಾರಲ್ಲ, ಹೊಸಬರ ಗಾಡಿ ಜಾಸ್ತಿ ಆಫ್ ಆಗೋದು ಅಲ್ಲೇ. ಚಲಿಸೋಕೆ ಶುರುವಾದ ಮೇಲೂ ಒಂದೆರಡು ಸೆಕೆಂಡ್ ಅಲ್ಲೇ ಹಿಡಿದುಕೊಂಡು, ಇಂಜಿನ್ ಸದ್ದು ಮತ್ತೆ ಹಗುರ ಆದಾಗ ಉಳಿದದ್ದನ್ನ ಬಿಡಿ.

ಪೂರ್ತಿ ಬಿಟ್ಟ ಮೇಲೆ ಗಾಡಿ ರೇಸ್ ಇಲ್ಲದೇನೇ ಗಂಟೆಗೆ ಸುಮಾರು 6 ಕಿಲೋಮೀಟರ್ ಸ್ಪೀಡಲ್ಲಿ ಹೋಗ್ತಾ ಇರುತ್ತೆ. ಇದಕ್ಕೆ ಲೆಕ್ಕ ಇದೆ: ಫಸ್ಟ್ ಗೇರಲ್ಲಿ ಗೇರ್‌ಬಾಕ್ಸು ಮತ್ತೆ ಕೊನೆಯ ಡ್ರೈವ್ (ಚಕ್ರಕ್ಕೆ ಶಕ್ತಿ ದಾಟಿಸೋ ಕೊನೇ ಗೇರ್ ಜೋಡಿ) ಎರಡೂ ಸೇರಿ ಇಂಜಿನ್ ಸುಮಾರು 14 ಸುತ್ತು ತಿರುಗಿದ್ರೆ ಚಕ್ರ 1 ಸುತ್ತು ತಿರುಗುತ್ತೆ. ಇಂಜಿನ್ 800 ಸುತ್ತು ಅಂದ್ರೆ ಚಕ್ರ 57 ಸುತ್ತು, ಒಂದು ಸುತ್ತಿಗೆ 1.8 ಮೀಟರ್ ಅಂತ ಇಟ್ಕೊಂಡ್ರೆ ನಿಮಿಷಕ್ಕೆ ನೂರು ಮೀಟರ್ ಚಿಲ್ಲರೆ. ಜೋರಾಗಿ ನಡೆಯೋ ಮನುಷ್ಯನ ಸ್ಪೀಡು. ಅಂದ್ರೆ ನೀವು ಸೊನ್ನೆಯಿಂದ 6ರವರೆಗೆ ಮಾತ್ರ ಕ್ಲಚ್ಚನ್ನ ಜಾರಿಸ್ಬೇಕು, ಅಲ್ಲಿಗೆ ಅದರ ಕೆಲಸ ಮುಗೀತು.

ಇದು ಕಾಲಿಗೆ ಹತ್ತೋವರೆಗೂ ರೇಸ್ ಕೊಡೋದನ್ನ ಕಲಿಯೋಕೆ ಹೋಗ್ಬೇಡಿ, ಎರಡು ಕಾಲನ್ನ ಒಟ್ಟಿಗೆ ಕಲಿಸೋಕೆ ಹೋದ್ರೆ ಎರಡೂ ಕಲಿಯಲ್ಲ. ಮುಂದೆ ರೇಸ್ ಕೊಡೋವಾಗ್ಲೂ ಮುಳ್ಳು 1200–1500 ಹತ್ರ ಇದ್ರೆ ಸಮತಟ್ಟು ರಸ್ತೆಗೆ ಧಾರಾಳ ಆಯ್ತು, ಇಂಜಿನ್ ಕಿರುಚೋ ಅಗತ್ಯ ಇಲ್ಲ. ಇನ್ನು ಆಫ್ ಆಯ್ತಾ? ಬ್ರೇಕ್ ಒತ್ತಿ, ಕ್ಲಚ್ ಪೂರ್ತಿ ಒತ್ತಿ, ನ್ಯೂಟ್ರಲ್ ಮಾಡಿ ಸ್ಟಾರ್ಟ್ ಮಾಡಿ. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡ್ಕೊಳ್ಲಿ, ಹಾರ್ನಿಗೆ ಹೆದರಿ ದಡಬಡ ಮಾಡಿದ್ರೆ ಇನ್ನೊಂದ್ಸಲ ಆಫ್ ಆಗುತ್ತೆ ಅಷ್ಟೆ. ಅಪರೂಪಕ್ಕೆ ಹೀಗೆ ಆಫ್ ಆಗೋದ್ರಿಂದ ಇಂಜಿನ್ ಏನೂ ಹಾಳಾಗಲ್ಲ.

ಪ್ರಶ್ನೆ: ಡ್ರೈವಿಂಗ್ ಸ್ಕೂಲ್ ಕಾರಲ್ಲಿ ಚೆನ್ನಾಗೇ ಓಡಿಸ್ತಿದ್ದೆ, ಮೇಷ್ಟ್ರು ಶಹಬ್ಬಾಸ್ ಅಂದಿದ್ರು. ಮನೆ ಕಾರು ಮುಟ್ಟಿದ್ರೆ ಎಲ್ಲಾ ಮರೆತುಹೋಗಿದೆ, ಗೇಟಿಂದ ಹೊರಗೇ ತರೋಕಾಗ್ತಿಲ್ಲ. ನಮ್ಮ ಕಾರಲ್ಲೇ ಏನಾದ್ರೂ ಪ್ರಾಬ್ಲಮ್ ಇದ್ಯಾ? — ಶಹಬ್ಬಾಸ್ ಪಡೆದವಳು

ಬೇಜಾರು ಮಾಡ್ಕೋಬೇಡಿ ಮೇಡಂ, ಆ ಶಹಬ್ಬಾಸಲ್ಲಿ ಅರ್ಧ ಮೇಷ್ಟ್ರಿಗೇ ಸೇರ್ಬೇಕು. ಸ್ಕೂಲ್ ಕಾರುಗಳಲ್ಲಿ ಪಕ್ಕದ ಸೀಟಿನ ಕೆಳಗೂ ಪೆಡಲ್ ಇರುತ್ತೆ, ಬ್ರೇಕು ಖಂಡಿತ, ಎಷ್ಟೋ ಕಾರಲ್ಲಿ ಕ್ಲಚ್ಚೂ ಇರುತ್ತೆ. ನೀವು ಕಾಲು ಬೇಗ ಎತ್ತಿದಾಗ ಅವರು ಆ ಕಡೆಯಿಂದ ಸದ್ದಿಲ್ಲದೆ ಹಿಡಿದುಕೊಂಡಿದ್ರೆ ನಿಮಗೆ ಗೊತ್ತೇ ಆಗಿರಲ್ಲ. ಮೋಸ ಅಂತಲ್ಲ, ಗಾಡಿ ಉಳಿಸ್ಕೋಬೇಕಲ್ಲ ಅವರೂ. ಕಲಿಯೋ ಕೊನೇ ದಿನಗಳಲ್ಲಿ ಒಂದು ಮಾತು ಕೇಳ್ಬಿಡಿ: "ಸರ್, ಇವತ್ತು ನೀವು ಕ್ಲಚ್ ಮುಟ್ಬೇಡಿ, ಆಫ್ ಆದ್ರೆ ಆಗ್ಲಿ, ಬ್ರೇಕ್ ಮೇಲೆ ಮಾತ್ರ ಕಾಲಿಟ್ಕೊಳ್ಳಿ." ಆವಾಗ ನಿಜವಾದ ಮಾರ್ಕ್ಸ್ ಗೊತ್ತಾಗುತ್ತೆ.

ಎರಡನೇದು, ಹಾಫ್ ಕ್ಲಚ್ ಸಿಗೋ ಜಾಗ ಪ್ರತಿ ಕಾರಿಗೂ ಬೇರೆ. ಒಂದರಲ್ಲಿ ನೆಲದ ಹತ್ರಾನೇ ಹಿಡಿಯುತ್ತೆ, ಇನ್ನೊಂದರಲ್ಲಿ ಪೆಡಲ್ ಹೆಚ್ಚುಕಮ್ಮಿ ಪೂರ್ತಿ ಮೇಲೆ ಬಂದ ಮೇಲೆ. ಪ್ಲೇಟು ಸವೆದಷ್ಟೂ ಸಾಮಾನ್ಯವಾಗಿ ಮೇಲೆ ಹೋಗುತ್ತೆ, ಸ್ಕೂಲ್ ಕಾರಿನ ಪ್ಲೇಟ್ ಎಷ್ಟು ಜನರ ಕಾಲಡಿ ನಲುಗಿರುತ್ತೆ ನೀವೇ ಯೋಚನೆ ಮಾಡಿ. ಇನ್ನೂ ಒಂದಿದೆ, ಸ್ಕೂಲ್ ಕಾರು ಡೀಸೆಲ್ ಆಗಿದ್ದು ಮನೇದು ಪೆಟ್ರೋಲ್ ಆಗಿದ್ರೆ ವ್ಯತ್ಯಾಸ ಚೆನ್ನಾಗೇ ಗೊತ್ತಾಗುತ್ತೆ. ಡೀಸೆಲ್ ಇಂಜಿನ್‌ಗೆ ಕೆಳಗಿನ ಸುತ್ತಲ್ಲೇ ಎಳೆಯೋ ಶಕ್ತಿ ಜಾಸ್ತಿ, ಕಾಲು ಸ್ವಲ್ಪ ಒರಟಾಗಿದ್ರೂ ಕ್ಷಮಿಸಿ ಮುಂದೆ ಹೋಗುತ್ತೆ. ಚಿಕ್ಕ ಪೆಟ್ರೋಲ್ ಇಂಜಿನ್ ಕ್ಷಮಿಸಲ್ಲ. ಅದಕ್ಕೆ ಹೊಸ ಕಾರು ಯಾವುದೇ ಸಿಕ್ಲಿ, ರಸ್ತೆಗೆ ಇಳಿಯೋ ಮುಂಚೆ ನಿಂತಲ್ಲೇ ಮೇಲೆ ಹೇಳಿದ ಹಾಗೆ ಹಿಡಿಯೋ ಜಾಗ ಎಲ್ಲಿದೆ ಅಂತ ಕೆಲವು ಸಲ ಹುಡುಕಿ ನೋಡಿ. ಸೀಟೂ ನೋಡ್ಕೊಳ್ಳಿ, ಕ್ಲಚ್ ನೆಲದವರೆಗೆ ಒತ್ತಿದಾಗ್ಲೂ ಮಂಡಿ ಸ್ವಲ್ಪ ಮಡಚಿರ್ಬೇಕು, ತುದಿಬೆರಳಲ್ಲಿ ಚಾಚಿ ಒತ್ತೋ ಹಾಗಿದ್ರೆ ಯಾವ ಕಾಲಿಗೂ ಹಿಡಿತ ಬರಲ್ಲ.

ಪ್ರಶ್ನೆ: ಡ್ರೈವ್ ಮಾಡೋವಾಗ ಎಡಗಾಲನ್ನ ಕ್ಲಚ್ ಮೇಲೆ ಸುಮ್ನೆ ಇಟ್ಕೊಂಡಿದ್ರೆ ತಪ್ಪಾ? ಒತ್ತಲ್ಲ, ಇಟ್ಕೊಂಡಿರ್ತೀನಿ ಅಷ್ಟೆ.

ತಪ್ಪು. "ಒತ್ತಲ್ಲ" ಅಂತ ನಿಮಗೆ ಅನ್ಸುತ್ತೆ, ಕಾಲಿನ ಭಾರಕ್ಕೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಸ್ಪ್ರಿಂಗನ್ನ ತಳ್ಳಿ ಹಿಡಿತ ಬಿಡಿಸೋ ಭಾಗ) ಸದಾ ಉಜ್ಜಿಕೊಂಡು ತಿರುಗ್ತಾ ಇರುತ್ತೆ, ಪ್ಲೇಟಿನ ಹಿಡಿತಾನೂ ಸಡಿಲ ಆಗಬಹುದು. ಕ್ಲಚ್ಚಿನ ಎಡಕ್ಕೆ ಕಾಲಿಡೋಕೆ ಅಂತಾನೇ ಜಾಗ ಇದೆ, ಅಲ್ಲಿಡಿ.

ಪ್ರಶ್ನೆ: ನಿಲ್ಲಿಸೋವಾಗ ಮೊದಲು ಕ್ಲಚ್ಚಾ, ಬ್ರೇಕಾ? ಅಪ್ಪ ಬ್ರೇಕ್ ಅಂತಾರೆ, ಫ್ರೆಂಡ್ ಕ್ಲಚ್ ಅಂತಾನೆ, ನಾನು ಎರಡನ್ನೂ ಒಟ್ಟಿಗೆ ಒತ್ತಿಬಿಡ್ತೀನಿ.

ಗಾಡಿ ಓಡ್ತಾ ಇದ್ರೆ ಮೊದಲು ಬ್ರೇಕೇ. ಕ್ಲಚ್ ಒತ್ತದೇ ಇದ್ದಾಗ ಇಂಜಿನ್ ಕೂಡ ಚಕ್ರವನ್ನ ಹಿಡಿದು ಎಳೀತಾ ಇರುತ್ತೆ, ಆ ಸಹಾಯ ಪುಕ್ಕಟೆ ಸಿಗೋದು, ಮೊದಲೇ ಕ್ಲಚ್ ಒತ್ತಿದ್ರೆ ಅದನ್ನ ಬಿಟ್ಟುಕೊಟ್ಟ ಹಾಗೆ, ಗಾಡಿ ಸಲೀಸಾಗಿ ಮುಂದಕ್ಕೆ ಜಾರಿಕೊಂಡು ಹೋಗುತ್ತೆ. ಬ್ರೇಕ್ ಹಾಕ್ತಾ ಹಾಕ್ತಾ ಸ್ಪೀಡ್ ಇಳಿದು ಇನ್ನೇನು ಇಂಜಿನ್ ನಡುಗುತ್ತೆ ಅನ್ನೋ ಹೊತ್ತಿಗೆ, ಮುಳ್ಳು ಸಾವಿರದ ಹತ್ರ ಬಂದಾಗ ಅಂತಿಟ್ಕೊಳ್ಳಿ, ಕ್ಲಚ್ ಪೂರ್ತಿ ಒತ್ತಿ.

ಆದ್ರೆ ನಿಮ್ಮ ಫ್ರೆಂಡ್ ಹೇಳೋದೂ ಪೂರ್ತಿ ಸುಳ್ಳಲ್ಲ. ಟ್ರಾಫಿಕ್ಕಲ್ಲಿ ಫಸ್ಟ್ ಗೇರಲ್ಲಿ ತೆವಳ್ತಾ ಇದ್ದಾಗ ಕ್ಲಚ್ ಒತ್ತದೆ ಬ್ರೇಕ್ ಹಾಕಿದ್ರೆ ಆಫ್ ಆಗೋದೇ, ಅಲ್ಲಿ ಕ್ಲಚ್ ಮೊದಲು, ಇಲ್ಲಾ ಎರಡೂ ಒಟ್ಟಿಗೆ. ಇನ್ನು ಯಾರೋ ಅಡ್ಡ ಬಂದ್ರು, ತಕ್ಷಣ ನಿಲ್ಲಿಸ್ಲೇಬೇಕು ಅಂದ್ರೆ ಯಾವುದು ಮೊದಲು ಅಂತ ಯೋಚನೆ ಮಾಡ್ಕೊಂಡು ಕೂರ್ಬೇಡಿ, ಬ್ರೇಕನ್ನ ಜೀವ ಬಿಟ್ಟು ಒತ್ತಿ, ಕ್ಲಚ್ ಒತ್ತೋದು ಮರೆತು ಗಾಡಿ ಆಫ್ ಆದ್ರೂ ಪರವಾಗಿಲ್ಲ, ನಿಂತ್ರೆ ಸಾಕು.

ಪ್ರಶ್ನೆ: ಏರಲ್ಲಿ ಸಿಗ್ನಲ್ ಬಿದ್ರೆ ಕೈಕಾಲು ನಡುಗುತ್ತೆ ಸರ್. ಬ್ರೇಕಿಂದ ಕಾಲು ತೆಗೆದು ಆಕ್ಸಿಲರೇಟರ್‌ಗೆ ಹಾಕೋ ಅಷ್ಟರಲ್ಲಿ ಗಾಡಿ ಹಿಂದಕ್ಕೆ ಬರುತ್ತೆ. ಹಿಂದಿನವರು ಅಂಟಿಕೊಂಡೇ ನಿಂತಿರ್ತಾರೆ. ಒಂದ್ಸಲ ಜೋರಾಗಿ ರೇಸ್ ಕೊಟ್ಟು ಹತ್ತಿಸ್ದೆ, ಏನೋ ಸುಟ್ಟ ವಾಸನೆ ಬಂತು. ದಾರಿ ಹೇಳಿ. — ಏರು ಕಂಡ್ರೆ ಭಯ

ಆ ವಾಸನೆ ಕ್ಲಚ್ ಪ್ಲೇಟಿಂದು. ರೇಸ್ ಜಾಸ್ತಿ, ಜಾರೋದೂ ಜಾಸ್ತಿ, ಪ್ಲೇಟಿಗೆ ಮೆತ್ತಿರೋ ಉಜ್ಜುವ ಪದರ ಕಾದು ಹಾಗೆ ನಾರುತ್ತೆ. ಒಂದ್ಸಲಕ್ಕೆ ಏನೂ ಆಗಲ್ಲ, ದಿನಾ ಹಾಗೇ ಮಾಡಿದ್ರೆ ಪ್ಲೇಟ್ ಬದಲಾಯಿಸೋ ದಿನ ಹತ್ರ ಬರುತ್ತೆ, ಅದು ಗೇರ್‌ಬಾಕ್ಸ್ ಇಳಿಸಿ ಮಾಡೋ ಕೆಲಸ, ಸಣ್ಣದಲ್ಲ.

ಬಲಗಾಲು ಒಂದೇ, ಪೆಡಲ್ ಎರಡು, ಅದು ಈ ಕಡೆಯಿಂದ ಆ ಕಡೆಗೆ ಹೋಗೋ ಅರ್ಧ ಸೆಕೆಂಡಲ್ಲಿ ಗಾಡಿನ ಹಿಡಿಯೋಕೆ ಯಾರೂ ಇಲ್ಲ, ನಿಮ್ಮ ಭಯ ಅಷ್ಟೇ ಜಾಗದ್ದು. ಆ ಅರ್ಧ ಸೆಕೆಂಡಿಗೆ ಹ್ಯಾಂಡ್ ಬ್ರೇಕ್ ಇದೆಯಲ್ಲ! ಏರಲ್ಲಿ ನಿಂತ ಕೂಡ್ಲೇ ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು ನ್ಯೂಟ್ರಲ್ ಮಾಡಿ ಎರಡೂ ಕಾಲಿಗೆ ರೆಸ್ಟ್ ಕೊಡಿ. ಹೊರಡೋ ಟೈಮ್ ಬಂದಾಗ ಕ್ಲಚ್ ಒತ್ತಿ ಫಸ್ಟ್ ಹಾಕಿ, ಬಲಗಾಲನ್ನ ಆರಾಮಾಗಿ ಆಕ್ಸಿಲರೇಟರ್ ಮೇಲೆ ಇಟ್ಟು ಸಮತಟ್ಟು ರಸ್ತೆಗಿಂತ ಸ್ವಲ್ಪ ಜಾಸ್ತಿ ರೇಸ್ ಕೊಟ್ಟು ಹಿಡಿದುಕೊಳ್ಳಿ, ಎಡಗಾಲು ಮೆತ್ತಗೆ ಎತ್ತಿ. ಹಾಫ್ ಕ್ಲಚ್ ಸಿಕ್ಕ ಕೂಡ್ಲೇ ಗಾಡಿ ಮುಂದಕ್ಕೆ ಹೋಗೋಕೆ ಒದ್ದಾಡುತ್ತೆ, ಹ್ಯಾಂಡ್ ಬ್ರೇಕ್ ಬಿಡ್ತಿಲ್ಲ, ಮೂತಿ ಸ್ವಲ್ಪ ಮೇಲೇಳುತ್ತೆ, ಸದ್ದು ತಗ್ಗುತ್ತೆ. ಎಡಗಾಲನ್ನ ಅಲ್ಲೇ ನಿಲ್ಲಿಸಿ ಆವಾಗ ಹ್ಯಾಂಡ್ ಬ್ರೇಕ್ ಇಳಿಸಿ. ಒಂದಿಂಚೂ ಹಿಂದಕ್ಕೆ ಬರದೆ ಹತ್ತುತ್ತೆ. ಹ್ಯಾಂಡ್ ಬ್ರೇಕ್ ಇಳಿಸೋವಾಗ ಎಡಗಾಲೂ ಜೊತೆಗೆ ಎದ್ದುಬಿಡುತ್ತೆ ತುಂಬಾ ಜನಕ್ಕೆ, ಕೈ ಮತ್ತೆ ಕಾಲು ಒಂದೇ ದಾರಕ್ಕೆ ಕಟ್ಟಿದಂಗೆ, ಅದೊಂದನ್ನ ಗಮನದಲ್ಲಿಟ್ಟು ಸಣ್ಣ ಏರಲ್ಲಿ, ಹಿಂದೆ ಯಾರೂ ಇಲ್ಲದ ಕಡೆ, ಅಭ್ಯಾಸ ಮಾಡಿ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಹಾಫ್ ಕ್ಲಚ್ ತಂದು ಆಮೇಲೆ ಬ್ರೇಕ್ ಬಿಡೋ ವಿಧಾನಾನೂ ಇದೆ, ಸಣ್ಣ ಏರಿಗೆ ಅದೇ ಸುಲಭ, ಆದ್ರೆ ಕಡಿದಾದ ಏರಲ್ಲಿ ನನ್ನ ಓಟು ಹ್ಯಾಂಡ್ ಬ್ರೇಕಿಗೇ.

ಈಗಿನ ಎಷ್ಟೋ ಕಾರಲ್ಲಿ ಹಿಲ್ ಹೋಲ್ಡ್ ಬಂದಿದೆ, ಬ್ರೇಕಿಂದ ಕಾಲು ತೆಗೆದ್ರೂ ಒಂದೆರಡು ಸೆಕೆಂಡ್ ಗಾಡಿ ಅದೇ ಹಿಡಿದಿರುತ್ತೆ. ಒಳ್ಳೇದೇ. ಆದ್ರೆ ಆ ಒಂದೆರಡು ಸೆಕೆಂಡ್ ಆದ ಮೇಲೆ ಕೇಳದೇ ಬಿಟ್ಟುಬಿಡುತ್ತೆ, ಅದನ್ನೇ ನಂಬಿ ಕಲಿತು ಇನ್ನೊಬ್ಬರ ಹಳೇ ಕಾರಲ್ಲಿ ಏರು ಹತ್ತೋಕೆ ಹೋದ್ರೆ ಕಷ್ಟ ಆಗುತ್ತೆ. ಮತ್ತೆ ದಯವಿಟ್ಟು, ಏರಲ್ಲಿ ಬ್ರೇಕ್ ಬಿಟ್ಟು ಬರೀ ಹಾಫ್ ಕ್ಲಚ್ಚಲ್ಲಿ ಗಾಡಿನ ಅಲ್ಲಾಡದಂಗೆ ನಿಲ್ಲಿಸ್ಕೊಂಡು ಶೋಕಿ ಮಾಡ್ತಾರಲ್ಲ, ಅದನ್ನ ನೋಡಿ ಕಲೀಬೇಡಿ. ನಿಂತಿರೋ ಅಷ್ಟೂ ಹೊತ್ತು ಪ್ಲೇಟ್ ಉರೀತಾ ಇರುತ್ತೆ.

ಪ್ರಶ್ನೆ: ಯಾವ ಸ್ಪೀಡಿಗೆ ಯಾವ ಗೇರು ಅಂತ ಒಂದು ಪಟ್ಟಿ ಕೊಡಿ. ಮತ್ತೆ ಮೂರರಿಂದ ಎರಡಕ್ಕೆ ಹಾಕಿದಾಗೆಲ್ಲ ಗಾಡಿ ಮುಗ್ಗರಿಸುತ್ತೆ, ಪಕ್ಕದಲ್ಲಿ ಕೂತೋರು ಮುಖ ನೋಡ್ತಾರೆ. ರಿವರ್ಸ್ ಹಾಕಿದ್ರೆ ಒಂದೊಂದ್ಸಲ ಕರ್ರ್ ಅನ್ನುತ್ತೆ.

ಪಟ್ಟಿ ಬೇಕೇ ಬೇಕು ಅಂದ್ರೆ ಸಮತಟ್ಟು ರಸ್ತೆಲಿ ಸುಮಾರಾಗಿ 10–15ಕ್ಕೆ ಸೆಕೆಂಡ್, 30ರ ಹತ್ರ ಥರ್ಡ್, 45ರ ಹತ್ರ ಫೋರ್ತ್, 60ರ ಮೇಲೆ ಫಿಫ್ತ್. ಬಾಯಿಪಾಠ ಮಾಡ್ಬೇಡಿ, ಗಾಡಿಯಿಂದ ಗಾಡಿಗೆ ಬದಲಾಗುತ್ತೆ, ಏರಲ್ಲಿ ಬದಲಾಗುತ್ತೆ, ಐದು ಜನ ಕೂತ್ರೆ ಬದಲಾಗುತ್ತೆ. ಸದ್ದು ಏರಿ ಏರಿ ಮುಳ್ಳು 2000–2500 ಮುಟ್ಟಿದ್ರೆ ಮೇಲಿನ ಗೇರು, ಡೀಸೆಲ್ ಆದ್ರೆ ಇನ್ನೂ ಸ್ವಲ್ಪ ಮುಂಚೆ. ಆಕ್ಸಿಲರೇಟರ್ ಒತ್ತಿದ್ರೂ ಗಾಡಿ ಏಳ್ತಾ ಇಲ್ಲ, ಗುಡುಗುಡು ಅಂತ ನಡುಗ್ತಾ ಇದೆ ಅಂದ್ರೆ ಕೆಳಗಿನ ಗೇರು. ಸ್ವಲ್ಪ ದಿನ ಹಾಡು ಹಾಕದೆ ಓಡಿಸಿ, ಕಿವಿ ತಾನೇ ಕಲಿಯುತ್ತೆ.

ಮುಗ್ಗರಿಸೋದು ಯಾಕೆ ಅಂದ್ರೆ, ಅದೇ ಸ್ಪೀಡಲ್ಲಿ ಸೆಕೆಂಡ್ ಗೇರಿಗೆ ಬಂದಾಗ ಇಂಜಿನ್ ಥರ್ಡ್‌ನಲ್ಲಿ ಇದ್ದಿದ್ದಕ್ಕಿಂತ ತುಂಬಾ ಜೋರಾಗಿ ತಿರುಗ್ಬೇಕು. ನೀವು ಕ್ಲಚ್ ಒತ್ತಿದಾಗ ಅದು ಇನ್ನೂ ಕೆಳಗೆ ಇಳಿದಿರುತ್ತೆ, ಆಮೇಲೆ ಕ್ಲಚ್ ಫಟ್ ಅಂತ ಬಿಟ್ರೆ ಚಕ್ರಾನೇ ಇಂಜಿನ್ನನ್ನ ಎಳೆದು ಮೇಲಕ್ಕೆತ್ತಬೇಕಾಗುತ್ತೆ, ಆ ಎಳೆತವೇ ಮುಗ್ಗರಿಸೋದು. ಮೊದಲು ಬ್ರೇಕಲ್ಲಿ ಸ್ಪೀಡ್ ಇಳಿಸಿ, ಆಮೇಲೆ ಗೇರ್ ಇಳಿಸಿ, ಇಳಿಸಿದ ಮೇಲೆ ಹಾಫ್ ಕ್ಲಚ್ ಹತ್ರ ಒಂದು ಕ್ಷಣ ತಡೆದು ಬಿಡಿ. ಗೇರ್ ಏರಿಸೋವಾಗ ಬೇಗ ಬಿಟ್ರೂ ನಡೆಯುತ್ತೆ, ಇಳಿಸೋವಾಗ ತಾಳ್ಮೆ ಬೇಕು.

ಒಂದು ವಿಷಯಕ್ಕೆ ಮಾತ್ರ ನಿಜವಾಗ್ಲೂ ಹೆದರಿ: ಜೋರಾಗಿ ಹೋಗ್ತಾ ಫಿಫ್ತಿಂದ ಫೋರ್ತ್‌ಗೆ ಹಾಕೋಕೆ ಹೋಗಿ ಸೆಕೆಂಡ್‌ಗೆ ಬೀಳಿಸೋದು. ಕ್ಲಚ್ ಬಿಟ್ಟ ಕೂಡ್ಲೇ ಇಂಜಿನ್ ಮಿತಿ ಮೀರಿ ತಿರುಗಿ ಒಳಗೆ ವಾಲ್ವ್ ಬಾಗಬಹುದು, ರೆವ್ ಲಿಮಿಟರ್ (ಸುತ್ತು ಮಿತಿ ಮೀರದಂಗೆ ತಡೆಯೋ ಏರ್ಪಾಡು) ಇದ್ರೂ ಉಳಿಸಲ್ಲ, ಯಾಕಂದ್ರೆ ಅದು ಇಂಧನ ನಿಲ್ಲಿಸಬಹುದೇ ಹೊರತು ಚಕ್ರ ಎಳೆಯೋದನ್ನ ನಿಲ್ಲಿಸೋಕಾಗಲ್ಲ. ಅದಕ್ಕೇ ಗೇರ್ ಲಿವರನ್ನ ಮುಷ್ಟಿ ಬಿಗಿದು ತಳ್ಬೇಡಿ. ಕೈ ಸಡಿಲ ಬಿಟ್ರೆ ನ್ಯೂಟ್ರಲ್‌ನಲ್ಲಿ ಲಿವರ್ ತಾನೇ ಮಧ್ಯಕ್ಕೆ, ಅಂದ್ರೆ ಥರ್ಡು ಫೋರ್ತ್ ಸಾಲಿಗೆ ಬಂದು ನಿಲ್ಲುತ್ತೆ, ಒಳಗಿನ ಸ್ಪ್ರಿಂಗ್ ಅದಕ್ಕೇ ಇರೋದು. ಫಿಫ್ತಿಂದ ಫೋರ್ತ್‌ಗೆ ನೇರವಾಗಿ ಹಿಂದಕ್ಕೆ ಎಳೆದ್ರೆ ಸಾಕು, ಪಕ್ಕಕ್ಕೆ ನೀವು ತಳ್ಳೋದೇ ಬೇಡ. ಇಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿಕೊಂಡು, ಕಣ್ಣು ರಸ್ತೆ ಕಡೆ ಇಟ್ಟು ಈ ಓಡಾಟ ಅಭ್ಯಾಸ ಮಾಡಿ, ಲಿವರ್ ನೋಡೋ ಚಟ ಅಲ್ಲೇ ಬಿಟ್ಟು ಹೋಗುತ್ತೆ.

ರಿವರ್ಸಿನ ಕರ್ರ್: ಮುಂದಕ್ಕೆ ಹೋಗೋ ಗೇರುಗಳಿಗೆಲ್ಲ ಸಿಂಕ್ರೋ ಅಂತ ಒಂದು ಏರ್ಪಾಡಿದೆ, ಹಲ್ಲು ಸೇರೋ ಮುಂಚೆ ಎರಡು ಕಡೆಯ ಸ್ಪೀಡನ್ನ ಸಮ ಮಾಡೋ ಸಣ್ಣ ಬಳೆ ಥರದ್ದು. 1928ರಲ್ಲಿ ಕ್ಯಾಡಿಲಾಕ್ ಕಾರಲ್ಲಿ ಇದು ಬರೋಕೆ ಮುಂಚೆ ಪ್ರತಿ ಗೇರಿಗೂ ಡ್ರೈವರೇ ರೇಸ್ ಕೊಟ್ಟು ಸ್ಪೀಡ್ ಹೊಂದಿಸ್ಬೇಕಿತ್ತು, ನಮ್ಮ ಪುಣ್ಯ. ಆದ್ರೆ ಎಷ್ಟೋ ಕಾರಲ್ಲಿ ರಿವರ್ಸಿಗೆ ಈ ಸವಲತ್ತು ಇಲ್ಲ. ಗಾಡಿ ಪೂರ್ತಿ ನಿಲ್ಲಬೇಕು, ಕ್ಲಚ್ ನೆಲದವರೆಗೆ ಹೋಗ್ಬೇಕು, ಒಂದೆರಡು ಸೆಕೆಂಡ್ ತಡೆದು ಆಮೇಲೆ ರಿವರ್ಸ್ ಹಾಕಿ. ಆಗ್ಲೂ ಬೀಳ್ತಿಲ್ಲ ಅಂದ್ರೆ ಒಂದ್ಸಲ ಫಸ್ಟ್‌ಗೆ ಹಾಕಿ ತೆಗೆದು ರಿವರ್ಸಿಗೆ ಹೋಗಿ, ಬೀಳುತ್ತೆ. ಇಷ್ಟೆಲ್ಲ ಮಾಡಿದ್ರೂ ದಿನಾ ಕರ್ರ್ ಅಂದ್ರೆ ಕ್ಲಚ್ ಪೂರ್ತಿ ಬಿಡಿಸ್ತಿಲ್ಲ ಅಂತ ಅರ್ಥ ಇರಬಹುದು, ಮೆಕ್ಯಾನಿಕ್‌ಗೆ ತೋರಿಸಿ.

ಪ್ರಶ್ನೆ: ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳಿಯುತ್ತೆ ಅಂತ ನಮ್ಮ ಮಾವ ಪ್ರತಿ ಸಲ ಮಾಡ್ತಾರೆ. ನನಗೂ ಹಾಗೇ ಮಾಡು ಅಂತಾರೆ. ದೊಡ್ಡವರ ಮಾತು ತೆಗೆದುಹಾಕೋಕೂ ಆಗ್ತಿಲ್ಲ.

ಮಾವನೋರ ಕಾಲದ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಸ್ವಲ್ಪ ಉಳೀತಿತ್ತೇನೋ, ಅದಕ್ಕೆ ಅವರನ್ನ ದೂರೋ ಹಾಗಿಲ್ಲ. ಈಗಿನ ಇಂಜೆಕ್ಷನ್ ಇಂಜಿನ್‌ನಲ್ಲಿ (ಕಂಪ್ಯೂಟರ್ ಅಳೆದು ಇಂಧನ ಚಿಮ್ಮಿಸೋದು) ಲೆಕ್ಕ ತಿರುಗುಮುರುಗು. ಗೇರಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದ್ರೆ ಚಕ್ರಗಳೇ ಇಂಜಿನ್ನನ್ನ ತಿರುಗಿಸ್ತಾ ಇರ್ತವೆ, ಕಂಪ್ಯೂಟರ್ ಇಂಧನ ಪೂರ್ತಿ ಬಂದ್ ಮಾಡುತ್ತೆ. ನ್ಯೂಟ್ರಲ್ ಮಾಡಿದ್ರೆ ಇಂಜಿನ್ ತಾನೇ ಬದುಕಿರ್ಬೇಕಲ್ಲ, ಅದಕ್ಕೆ ಪೆಟ್ರೋಲ್ ಕುಡಿಯೋಕೆ ಶುರು ಮಾಡುತ್ತೆ.

ಪೆಟ್ರೋಲ್ ಮಾತು ಬಿಡಿ, ಅದು ಸಣ್ಣದು. ದೊಡ್ಡದು ಬ್ರೇಕು. ಉದ್ದ ಇಳಿಜಾರಲ್ಲಿ ನ್ಯೂಟ್ರಲ್ ಅಂದ್ರೆ ಇಡೀ ಗಾಡಿಯ ಭಾರ ತಡೆಯೋಕೆ ಬ್ರೇಕ್ ಒಂದೇ, ಅದನ್ನ ಒತ್ತಿ ಒತ್ತಿ ಕಾದುಹೋಗಿ ಒಂದು ಹಂತದಲ್ಲಿ ಪೆಡಲ್ ಒತ್ತಿದ್ರೂ ಹಿಡಿಯಲ್ಲ. ಸೆಕೆಂಡೋ ಥರ್ಡೋ, ಏರೋವಾಗ ಯಾವ ಗೇರ್ ಬೇಕಾಗುತ್ತೋ ಹೆಚ್ಚುಕಮ್ಮಿ ಅದೇ ಗೇರಲ್ಲಿ ಇಳಿಯಿರಿ, ಇಂಜಿನ್ ಗಾಡಿನ ಹಿಡಿದಿರುತ್ತೆ, ಬ್ರೇಕ್ ಆಗಾಗ ಮುಟ್ಟಿದ್ರೆ ಸಾಕು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇಂಜಿನ್ನೇ ಆಫ್ ಮಾಡಿ ಇಳೀತಾರೆ, ಅದಂತೂ ಬೇಡವೇ ಬೇಡ. ಇಂಜಿನ್ ಆಫ್ ಆದ್ರೆ ಬ್ರೇಕಿನ ಬೂಸ್ಟರ್‌ನಲ್ಲಿ (ಕಾಲಿನ ಒತ್ತಡಕ್ಕೆ ಬಲ ಸೇರಿಸೋ ಭಾಗ) ಉಳಿದಿರೋ ಗಾಳಿಯೆಳೆತ ಒಂದೆರಡು ಸಲ ಒತ್ತೋಕೆ ಮಾತ್ರ, ಆಮೇಲೆ ಪೆಡಲ್ ಗೋಡೆ ಒತ್ತಿದಂಗೆ ಗಟ್ಟಿ. ಪವರ್ ಸ್ಟೇರಿಂಗೂ ಕೈಬಿಡುತ್ತೆ, ಕೀ ಪೂರ್ತಿ ತೆಗೆದ್ರೆ ಸ್ಟೇರಿಂಗ್ ಲಾಕೇ ಆಗಬಹುದು. ಮಾವನೋರಿಗೆ "ನಿಮ್ಮ ಕಾರು ಹೊಸದು ಮಾವ, ಇದರಲ್ಲಿ ಗೇರಲ್ಲೇ ಇಳಿದ್ರೆ ಜಾಸ್ತಿ ಉಳಿಯುತ್ತಂತೆ" ಅಂತ ಪೆಟ್ರೋಲ್ ಕಡೆಯಿಂದಾನೇ ಹೇಳಿ ನೋಡಿ, ಕೇಳ್ತಾರೆ.

ಪ್ರಶ್ನೆ: ನನಗೆ 47 ವರ್ಷ. ಈಗ ಕಾರು ಕಲಿಯೋ ಆಸೆ ಆಗಿದೆ. ಮಗ ಕಲಿಸ್ತೀನಿ ಅಂತ ಕೂರಿಸ್ಕೊಂಡು ಹೋಗಿ ಐದು ನಿಮಿಷಕ್ಕೆ "ಅಮ್ಮಾ ಕ್ಲಚ್ ಕ್ಲಚ್ ಕ್ಲಚ್" ಅಂತ ಕೂಗ್ತಾನೆ, ನನಗೆ ಯಾವ ಕಾಲು ಯಾವುದು ಅಂತಾನೇ ಮರೆತುಹೋಗುತ್ತೆ. ಈ ವಯಸ್ಸಲ್ಲಿ ಸಾಧ್ಯನಾ?

ಸಾಧ್ಯ ಅಮ್ಮ, ವಯಸ್ಸಿನ ಪ್ರಾಬ್ಲಮ್ಮೇ ಅಲ್ಲ ಇದು, ಮಗನ ಪ್ರಾಬ್ಲಮ್. "ಕ್ಲಚ್" ಅಂತ ಕೂಗಿದ್ರೆ ಏನರ್ಥ, ಒತ್ತಬೇಕಾ ಬಿಡಬೇಕಾ? ಅವನಿಗೆ ಗೊತ್ತು, ನಿಮಗೆ ಹೇಗೆ ಗೊತ್ತಾಗ್ಬೇಕು? ಮೊದಲಷ್ಟು ದಿನ ಸ್ಕೂಲಿಗೆ ಹೋಗಿ, ಪಕ್ಕದ ಪೆಡಲ್ ಇರೋ ಗಾಡಿ, ದುಡ್ಡು ತಗೊಂಡು ಕಲಿಸೋರು ಮನೆಯವರಷ್ಟು ಕೂಗಲ್ಲ. ಆಮೇಲೆ ಮಗನ ಜೊತೆ ಹೋಗೋವಾಗ ಒಂದು ಒಪ್ಪಂದ ಮಾಡ್ಕೊಳ್ಳಿ: ಅವನು ಹೇಳೋದಾದ್ರೆ "ಕ್ಲಚ್ ಒತ್ತು", "ಬ್ರೇಕ್ ಒತ್ತು", "ಕಾಲು ಅಲ್ಲೇ ಇರ್ಲಿ" ಅಂತ ಪೂರ್ತಿ ಹೇಳ್ಬೇಕು, ಇಲ್ಲಾ ಬಾಯಿ ಮುಚ್ಕೊಂಡಿರ್ಬೇಕು. ಕಾಲಿನ ಗೊಂದಲಕ್ಕೆ ಒಂದೇ ನಿಯಮ, ಎಡಗಾಲಿಗೆ ಕ್ಲಚ್ ಬಿಟ್ಟು ಬೇರೆ ಕೆಲಸ ಇಲ್ಲ, ಉಳಿದ ಎರಡೂ ಬಲಗಾಲಿಂದು. ಸ್ಟೇರಿಂಗ್ ಯಾವ ಕಡೆ ಇದ್ರೂ ಸರಿ, ಪ್ರಪಂಚದಲ್ಲೆಲ್ಲ ಪೆಡಲ್ ಸಾಲು ಇದೇ, ಎಡದಿಂದ ಕ್ಲಚ್, ಬ್ರೇಕ್, ಆಕ್ಸಿಲರೇಟರ್. ತೆಳು ಅಟ್ಟೆಯ ಶೂ ಹಾಕಿ, ಜಾರೋ ಚಪ್ಪಲಿ ಬೇಡ. ಒಂದೇ ಸಲಕ್ಕೆ ಎರಡು ಗಂಟೆ ಕೂರೋ ಬದಲು ದಿನಾ ಅರ್ಧ ಗಂಟೆ ಸಾಕು, ಎಡಗಾಲಿನ ಮೀನಖಂಡ ನೋಯೋಕೆ ಶುರುವಾದ್ರೆ ಅವತ್ತಿಗೆ ನಿಲ್ಲಿಸಿ, ಸುಸ್ತಾದ ಕಾಲು ಹಾಫ್ ಕ್ಲಚ್ ಹಿಡಿಯಲ್ಲ.

ಪ್ರಶ್ನೆ: ಎಲ್ಲಾ ಆಟೋಮ್ಯಾಟಿಕ್ ಆಗ್ತಿದೆ, ಎಲೆಕ್ಟ್ರಿಕ್ ಕಾರಲ್ಲಿ ಕ್ಲಚ್ಚೇ ಇಲ್ಲ. ಇನ್ನೂ ಯಾಕೆ ಈ ತಲೆನೋವು ಕಲೀಬೇಕು?

ಕಲೀಲೇಬೇಕು ಅಂತ ನಾನೇನು ಹಠ ಮಾಡಲ್ಲ. ಎಲೆಕ್ಟ್ರಿಕ್ ಮೋಟರಿಗೆ ಸೊನ್ನೆ ಸುತ್ತಲ್ಲೂ ಪೂರ್ತಿ ಎಳೆತ ಇರುತ್ತೆ, ನಿಂತಲ್ಲಿಂದ ಎಳೆಯುತ್ತೆ, ಅದಕ್ಕೆ ಕ್ಲಚ್ ಬೇಡ, ಸಾಮಾನ್ಯವಾಗಿ ಒಂದೇ ಗೇರಲ್ಲಿ ಎಲ್ಲಾ ಮುಗಿಯುತ್ತೆ. ಈ ಅಂಕಣದ ತೊಂದ್ರೆಗಳೆಲ್ಲ ನಿಂತಿರೋಕೆ ಬರದ ಇಂಜಿನ್ನಿಂದ ಹುಟ್ಟಿದ್ದು. ನಿಮ್ಮ ಮನೇಲಿ ಇರೋದು, ಮುಂದೆ ಓಡಿಸೋದು ಎಲ್ಲಾ ಆಟೋಮ್ಯಾಟಿಕ್ಕೇ ಅಂತ ಗ್ಯಾರಂಟಿ ಇದ್ರೆ ಧಾರಾಳವಾಗಿ ಅದನ್ನೇ ಕಲೀರಿ. ಆದ್ರೆ ಗೇರ್ ಕಲಿತವರು ಆಟೋಮ್ಯಾಟಿಕ್‌ಗೆ ಹೋಗೋದು ಸುಲಭ, ಎಡಗಾಲು ಸುಮ್ನೆ ಕೂತಿದ್ರೆ ಆಯ್ತು, ಉಲ್ಟಾ ಬರೋದು ಮಾತ್ರ ಮೊದಲಿಂದ ಕಲಿತಂಗೆ. ಮತ್ತೆ ಬ್ರಿಟನ್ ಥರದ ಕೆಲವು ದೇಶಗಳಲ್ಲಿ ಆಟೋಮ್ಯಾಟಿಕ್ಕಲ್ಲಿ ಟೆಸ್ಟ್ ಕೊಟ್ರೆ ಲೈಸೆನ್ಸೂ ಆಟೋಮ್ಯಾಟಿಕ್‌ಗೆ ಮಾತ್ರ, ಹೊರಗೆ ಹೋಗೋ ಯೋಚನೆ ಇದ್ರೆ ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಪ್ರಶ್ನೆ: ಪಾರ್ಕ್ ಮಾಡೋವಾಗ ಗೇರಲ್ಲಿ ಬಿಡಬೇಕಾ, ನ್ಯೂಟ್ರಲ್‌ನಲ್ಲಾ?

ಹ್ಯಾಂಡ್ ಬ್ರೇಕ್ ಎಳೆದು ಗೇರಲ್ಲೇ ಬಿಡಿ, ಮೂತಿ ಏರಿನ ಕಡೆ ಇದ್ರೆ ಫಸ್ಟ್, ಇಳಿಜಾರಿನ ಕಡೆ ಇದ್ರೆ ರಿವರ್ಸ್. ಆದ್ರೆ ಮಾರನೇ ದಿನ ಕ್ಲಚ್ ಒತ್ತದೆ ಕೀ ತಿರುಗಿಸಿದ್ರೆ ಗಾಡಿ ಗೋಡೆಗೆ ಹಾರುತ್ತೆ, ಈಗಿನ ತುಂಬಾ ಕಾರು ಕ್ಲಚ್ ಒತ್ತದೆ ಸ್ಟಾರ್ಟೇ ಆಗಲ್ಲ ನಿಜ, ಹಳೇ ಕಾರು ಹಾಗಲ್ಲ. ಕೂತ ಕೂಡ್ಲೇ ಕ್ಲಚ್ ಒತ್ತಿ ಲಿವರ್ ಅಲ್ಲಾಡಿಸಿ ನೋಡಿ ಆಮೇಲೆ ಕೀ ಮುಟ್ಟಿ.